ಸಮಾಧಿಯ ಗೋಡೆಯ ಮೇಲಿನ ಹೆಸರುಗಳು

ಲಕ್ಸರ್ ನಗರಕ್ಕೆದುರಾಗಿ ನೈಲ್ ನದಿಯ ಪಶ್ಚಿಮ ದಡದಲ್ಲಿರುವ ಅರಸರ ಕಣಿವೆಗೆ ನಾವು ತಂಡವಾಗಿ ಹೋಗಿದ್ದೆವು. ಆರನೆಯ ರಾಮ್ಸೆಸ್‌ನ ಸಮಾಧಿಯ ಬಾಗಿಲಲ್ಲಿಯೇ, ಗೋಡೆಗಳನ್ನು ಮುಟ್ಟಬಾರದೆಂದು ಮಾರ್ಗದರ್ಶಿ ಎಚ್ಚರಿಸಿದರು. ಒಳಗೆ, ಶವಪೆಟ್ಟಿಗೆಯ ಕೋಣೆಯ ಚಾವಣಿಯಲ್ಲಿ, ಸಂಜೆ ಸೂರ್ಯನನ್ನು ನುಂಗಿ ಬೆಳಗಿಗೆ ಹೆರುವ ನೂತ್ ದೇವಿ ಮೈಚಾಚಿದ್ದಾಳೆ. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಹಳೆಯ ಲಿಪಿಗಳ ಗೀಳಿರುವ ನನ್ನ ಕಣ್ಣು ಮಾತ್ರ ಗೋಡೆಯ ಗೀರುಗಳಲ್ಲಿ ಸಿಕ್ಕಿಕೊಂಡಿತು. ಅವು ಬಹುಪಾಲು ಗ್ರೀಕ್ ಅಕ್ಷರಗಳು. ರೋಮನರ ಆಳ್ವಿಕೆಯ ಕಾಲದ ಪ್ರವಾಸಿಗಳು ಇದನ್ನು ಟ್ರಾಯ್ ಯುದ್ಧದಲ್ಲಿ ಮಡಿದ ಮೆಮ್ನಾನನ ಸಮಾಧಿಯೆಂದು ತಪ್ಪಾಗಿ ತಿಳಿದು ಬಂದು, ಬೆರಗಾಗಿ, ಹೆಸರು ಕೊರೆದು ಹೋದರು. ಫ್ರೆಂಚ್ ವಿದ್ವಾಂಸ ಜೂಲ್ ಬಾಯೆ 1920ರ ದಶಕದಲ್ಲಿ ಈ ಕಣಿವೆಯ ಸಮಾಧಿಗಳಿಂದ ಇಂಥ 2000ಕ್ಕೂ ಹೆಚ್ಚು ಬರಹಗಳನ್ನು ಪ್ರಕಟಿಸಿದರು. ಚಿತ್ರವನ್ನು ಕೆಡಿಸಿದ ಗೀರೇ ಇತಿಹಾಸಕ್ಕೆ ಆಕರ! ನನಗೆ ಸಿಟ್ಟು ಬಂದಿತು. ಓದುವ ಆಸೆಯೂ ಬಿಡಲಿಲ್ಲ.

ಹೊರಬಂದಾಗ ಮಾರ್ಗದರ್ಶಿ ಪಕ್ಕದ ತಗ್ಗಿನಲ್ಲಿದ್ದ ಮೆಟ್ಟಿಲುಗಳನ್ನು ತೋರಿಸಿದರು. ಅದು ತೂತಾಂಖಾಮನ್ನನ ಸಮಾಧಿ. ರಾಮ್ಸೆಸ್‌ನ ಸಮಾಧಿಯನ್ನು ತೋಡಿದ ಕೆಲಸಗಾರರ ಗುಡಿಸಲುಗಳು ಅದರ ಬಾಯಿಯ ಮೇಲೆಯೇ ಎದ್ದಿದ್ದವು. 1922ರ ನವೆಂಬರ್ 4ರಂದು ಹೊವರ್ಡ್ ಕಾರ್ಟರನ ಆಳುಗಳಿಗೆ ಮೊದಲ ಮೆಟ್ಟಿಲು ಸಿಕ್ಕಿತು. ಹೆಸರು ಕೊರೆದ ಆ ಗ್ರೀಕರೆಲ್ಲ ಅದರ ಪಕ್ಕದಲ್ಲಿಯೇ, ಅರಿಯದೆ, ಹಾದುಹೋಗಿದ್ದರು. ಒಳಗಿನ ಚಿಕ್ಕ ಕೋಣೆಯ ಗೋಡೆಗಳಲ್ಲಿ ಅವರೊಬ್ಬರ ಹೆಸರೂ ಇಲ್ಲ.