ಹೆಸರು ಸಿಗದ ಬೇನೆ

ತಲೆನೋವಿನಿಂದ ನೀವು ಒಂದು ದಿನ ಶಾಲೆಗೆ ಹೋಗಲಿಲ್ಲವೆಂದುಕೊಳ್ಳಿ. ರಜಾಚೀಟಿಯಲ್ಲಿ ‘ತಲೆನೋವು’ ಎಂದು ಬರೆದರೆ ಮೇಷ್ಟ್ರು ಒಪ್ಪುತ್ತಾರೆ. ‘ಪಕ್ಕದ ಮನೆಯ ದೂರವಾಣಿ ಅಲೆಗಳಿಂದ ತಲೆನೋವು’ ಎಂದು ಬರೆದರೆ? ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಇನ್ನೊಮ್ಮೆ ಓದುತ್ತಾರೆ. ನೋವು ಅದೇ, ಕಾರಣವೊಂದು ಸೇರಿದೊಡನೆ ಚೀಟಿಯ ಸ್ವರೂಪವೇ ಬದಲಾಯಿತು. ಇಂಥದೇ ಒಂದು ಚೀಟಿಯ ಚರಿತ್ರೆಯನ್ನು ಇಂದು ನೋಡೋಣ. ಅದನ್ನು ಬರೆದವರಲ್ಲಿ ಹೆಚ್ಚಿನವರು ಯೂರೋಪಿನ ಸಾಮಾನ್ಯ ಜನ. ಓದಬೇಕಾಗಿದ್ದವರು ಸರ್ಕಾರಗಳು, ವೈದ್ಯರು, ನ್ಯಾಯಾಲಯಗಳು.

ಹೊಸ ಯಂತ್ರ ಬಂದಾಗ ಹೊಸ ಬೇನೆಯೂ ಬರುವುದು ಹಳೆಯ ಸಂಗತಿ. ಬ್ರಿಟನ್ನಿನ ತಂತಿ ಕಚೇರಿಗಳಲ್ಲಿ ದಿನವಿಡೀ ಮೋರ್ಸ್ ಕೀಲಿ ಒತ್ತುತ್ತಿದ್ದ ಗುಮಾಸ್ತರ ಕೈ ಒಂದು ದಿನ ಇದ್ದಕ್ಕಿದ್ದಂತೆ ಮಾತು ಕೇಳುತ್ತಿರಲಿಲ್ಲ. ಚುಕ್ಕೆ ಹೊಡೆಯಹೋದರೆ ಗೆರೆಯಾಗುತ್ತಿತ್ತು. ಕಾರ್ಮಿಕರ ಪರಿಹಾರ ಕಾನೂನಿನ ಪಟ್ಟಿಗೆ ಈ ಸೆಳೆತವನ್ನು 1908ರಲ್ಲಿ ಸೇರಿಸಲಾಯಿತು. ಇದನ್ನು ವಿಚಾರಿಸಿದ ಸಮಿತಿ 1911ರಲ್ಲಿ ವರದಿ ಕೊಟ್ಟಿತು: ಕೈಗೆ ಬೀಳುವ ಪದೇ ಪದೇ ದಣಿವು ಒಂದು ಕಾರಣ, ಕೆಲಸಗಾರನ ನರಗಳ ದುರ್ಬಲತೆ ಇನ್ನೊಂದು. ಅರ್ಧ ತಪ್ಪು ಕೀಲಿಯದು, ಅರ್ಧ ಗುಮಾಸ್ತನದು ಎಂದಂತಾಯಿತು! ಆದರೂ ಅವನ ಬೇನೆಗೆ ಪಟ್ಟಿಯಲ್ಲಿ ಒಂದು ಹೆಸರಿತ್ತೆಂಬುದನ್ನು ಮರೆಯಬೇಡಿ.

ಈಗ 1980ರ ದಶಕದ ಸ್ವೀಡನ್ನಿಗೆ ಬನ್ನಿ. ಕಚೇರಿಗಳಿಗೆ ಗಣಕಯಂತ್ರ ಬಂದ ಕಾಲ. ಪರದೆಯ ಮುಂದೆ ಕುಳಿತ ಕೆಲವರು ಮುಖ ಕೆಂಪಾಗುತ್ತದೆ, ಉರಿಯುತ್ತದೆ, ತುರಿಸುತ್ತದೆ ಎಂದರು. ಕೆಲವರಿಗೆ ಟ್ಯೂಬ್‌ಲೈಟಿನ ಕೆಳಗೂ ಇರಲಾಗಲಿಲ್ಲ. ತಲೆನೋವು, ಆಯಾಸ, ನಿದ್ರಾಭಂಗವೂ ಸೇರಿಕೊಂಡವು. 1987ರಲ್ಲಿ ಅವರದೇ ಒಂದು ಸಂಘ ಹುಟ್ಟಿತು. ಅಲ್ಲಿನ ನೌಕರ ಸಂಘಟನೆಗಳೂ ಸುಮ್ಮನಿರಲಿಲ್ಲ. ಪರದೆಯಿಂದ ಹೊರಡುವ ಕ್ಷೇತ್ರಗಳಿಗೆ ಮಿತಿ ಹಾಕುವ ಎಂಪಿಆರ್-2 ಮಾನದಂಡ 1990ರಲ್ಲಿಯೂ, ಟಿಸಿಒ ಎಂಬ ನೌಕರರ ಒಕ್ಕೂಟದ ಮಾನದಂಡ 1992ರಲ್ಲಿಯೂ ಬಂದವು. ಹಳೆಯ ಡಬ್ಬಿಯಂಥ ಮಾನಿಟರುಗಳ ಮೇಲೆ ಟಿಸಿಒ ಎಂಬ ಚೀಟಿಯನ್ನು ನಿಮ್ಮ ತಂದೆತಾಯಿಯರು ನೋಡಿರಬಹುದು. ಸ್ವೀಡನ್ನಿನ ಗುಮಾಸ್ತರ ದೂರು ಜಗತ್ತಿನ ಮೇಜುಗಳಿಗೆಲ್ಲ ತಲುಪಿದ್ದು ಹೀಗೆ.

ಇದಕ್ಕೆ ‘ವಿದ್ಯುತ್ಕಾಂತೀಯ ಅತಿಸಂವೇದನೆ’ ಎಂಬ ಹೆಸರು ಬಳಕೆಗೆ ಬಂತು. ಸ್ವೀಡನ್ ಸರ್ಕಾರ ಒಂದು ಜಾಣತನದ ದಾರಿ ಹಿಡಿಯಿತು. ಇದನ್ನು ರೋಗವೆಂದು ನಮೂದಿಸಲಿಲ್ಲ. ಇವರ ಸಂಘವನ್ನು ಮಾತ್ರ ಇತರ ಅಂಗವಿಕಲರ ಸಂಘಗಳ ಸಾಲಿಗೆ ಸೇರಿಸಿ ಸಹಾಯಧನ ಕೊಟ್ಟಿತು. ನಿಮ್ಮ ಕಷ್ಟವನ್ನು ಒಪ್ಪುತ್ತೇವೆ, ನೀವು ಹೇಳುವ ಕಾರಣದ ಬಗ್ಗೆ ಈಗಲೇ ಏನನ್ನೂ ಹೇಳೆವು ಎಂಬುದು ಇದರ ತಾತ್ಪರ್ಯ.

ಕಾರಣವನ್ನು ಪರೀಕ್ಷಿಸಲಾಗದೆ? ಖಂಡಿತ ಪರೀಕ್ಷಿಸಬಹುದು. ಬೇನೆಯುಳ್ಳವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಅಲೆ ಹೊರಸೂಸುವ ಉಪಕರಣವನ್ನು ಕೆಲವೊಮ್ಮೆ ನಿಜವಾಗಿ ಚಾಲೂ ಮಾಡಬೇಕು, ಕೆಲವೊಮ್ಮೆ ಚಾಲೂ ಮಾಡಿದಂತೆ ನಟಿಸಬೇಕು. ಯಾವುದು ಯಾವಾಗ ಎಂಬುದು ಕುಳಿತವರಿಗಾಗಲಿ, ಎದುರಿಗಿದ್ದು ಬರೆದುಕೊಳ್ಳುವವರಿಗಾಗಲಿ ತಿಳಿಯಬಾರದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೇಮ್ಸ್ ರೂಬಿನ್ ಮತ್ತು ಸಂಗಡಿಗರು ಇಂಥ 46 ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪರಿಶೀಲನೆ ಪ್ರಕಟಿಸಿದರು. ಭಾಗವಹಿಸಿದ್ದವರು 1,175 ಮಂದಿ. ಅಲೆ ಇದೆಯೋ ಇಲ್ಲವೋ ಎಂಬುದನ್ನು ಅವರು ಗುರುತಿಸಬಲ್ಲರೆಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಇನ್ನೊಂದು ಸಂಗತಿ ಮಾತ್ರ ಕಂಡಿತು: ಉಪಕರಣ ಬರಿದೇ ಇದ್ದಾಗಲೂ, ಅದು ಚಾಲೂ ಆಗಿದೆಯೆಂದು ನಂಬಿದವರಿಗೆ ನಿಜವಾಗಿ ನೋವು ಬರುತ್ತಿತ್ತು. ಇದಕ್ಕೆ ನೊಸೀಬೊ ಪರಿಣಾಮ ಎನ್ನುತ್ತಾರೆ. ‘ನಮಗೆ ತೊಂದರೆ ಕಾಣಿಸಿಕೊಳ್ಳುವುದು ದಿನಗಳ ಅನಂತರ, ಗಂಟೆಯ ಪರೀಕ್ಷೆಯಿಂದೇನು?’ ಎಂದು ಬೇನೆಯುಳ್ಳವರಲ್ಲಿ ಹಲವರ ಆಕ್ಷೇಪ. ಕೇಳತಕ್ಕ ಮಾತೇ. ಆದರೆ ಕೆಲವೇ ನಿಮಿಷಗಳಲ್ಲಿ ನೋವು ಬರುತ್ತದೆಂದವರೂ ಈ ಪರೀಕ್ಷೆಗಳಲ್ಲಿ ಗೆಲ್ಲಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2004ರ ಅಕ್ಟೋಬರಿನಲ್ಲಿ ಪ್ರಾಗ್ ನಗರದಲ್ಲಿ ತಜ್ಞರ ಸಭೆ ಕರೆದಿತ್ತು. ಅಲ್ಲಿ ಹೆಸರಿನ ಬಗ್ಗೆಯೇ ದೊಡ್ಡ ಚರ್ಚೆ. ‘ಅತಿಸಂವೇದನೆ’ ಎಂದೊಡನೆ ಕಾರಣವನ್ನು ಒಪ್ಪಿದಂತಾಗುತ್ತದೆ; ಆದ್ದರಿಂದ ‘ಕಾರಣ ತಿಳಿಯದ ಪರಿಸರ ಅಸಹನೆ’ ಎಂಬರ್ಥದ ಹೆಸರನ್ನು ಸೂಚಿಸಲಾಯಿತು. 2005ರ ಡಿಸೆಂಬರಿನಲ್ಲಿ ಸಂಸ್ಥೆ ಹೊರಡಿಸಿದ ಪ್ರಕಟಣೆ, ಲಕ್ಷಣಗಳು ನಿಜ, ಆದರೆ ಅವಕ್ಕೂ ಕ್ಷೇತ್ರಗಳಿಗೂ ಸಂಬಂಧ ಕಲ್ಪಿಸಲು ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತವನಿಗೆ ಈ ವಾಕ್ಯದಿಂದ ಸಮಾಧಾನವೆಲ್ಲಿಂದ ಬಂದೀತು? ಪಿಂಚಣಿ ಅರ್ಜಿಯಲ್ಲಿ ರೋಗದ ಹೆಸರಿಗೊಂದು ಅಂಕಣವಿರುತ್ತದೆ. ಅದನ್ನು ಖಾಲಿ ಬಿಡುವಂತಿಲ್ಲ.

2015ರಲ್ಲಿ ಫ್ರಾನ್ಸಿನ ತುಲೂಸ್ ನಗರದ ನ್ಯಾಯಮಂಡಳಿಯೊಂದು ಇಂಥ ಮಹಿಳೆಯೊಬ್ಬರಿಗೆ ಮೂರು ವರ್ಷಗಳ ಕಾಲ ತಿಂಗಳಿಗೆ ಸುಮಾರು 800 ಯೂರೋ ಅಂಗವಿಕಲ ಭತ್ಯೆ ಮಂಜೂರು ಮಾಡಿತು. ‘ಕೊನೆಗೂ ಮನ್ನಣೆ ಸಿಕ್ಕಿತು’ ಎಂದು ಪತ್ರಿಕೆಗಳು ಬರೆದವು. ನನಗನ್ನಿಸುವಂತೆ ಅದು ಅರ್ಧ ಮನ್ನಣೆ. ಮಂಡಳಿ ಅಳೆದದ್ದು ಆಕೆಯ ದುಡಿಯುವ ಶಕ್ತಿ ಎಷ್ಟು ಕುಗ್ಗಿದೆಯೆಂಬುದನ್ನು, ಅಲೆಗಳ ವಿಜ್ಞಾನವನ್ನಲ್ಲ. ಅದೇ ದೇಶದ ಆಹಾರ, ಪರಿಸರ ಮತ್ತು ಔದ್ಯೋಗಿಕ ಆರೋಗ್ಯದ ಸರ್ಕಾರಿ ಸಂಸ್ಥೆ 2018ರ ಮಾರ್ಚಿನಲ್ಲಿ ಇದೇ ವಿವೇಕ ತೋರಿತು. ಕಾರಣ ಸಿದ್ಧವಾಗಿಲ್ಲ, ನರಳಾಟ ಮಾತ್ರ ಸುಳ್ಳಲ್ಲ. ಆದ್ದರಿಂದ ವೈದ್ಯರಿಗೆ ತರಬೇತಿ ಕೊಡಿ, ಇವರನ್ನು ಬಾಗಿಲಿಂದಲೇ ಹಿಂದಕ್ಕೆ ಕಳುಹಿಸಬೇಡಿ ಎಂಬುದು ಅದರ ಶಿಫಾರಸಿನ ಸಾರ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಇದಿಲ್ಲ.

ದಾಖಲೆಗಾಗಿ ಕಾಯದೆ ಹೊರಟುಹೋದವರೂ ಇದ್ದಾರೆ. ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ಗ್ರೀನ್ ಬ್ಯಾಂಕ್ ಎಂಬ ಸಣ್ಣ ಊರಿದೆ. ಅದರ ಸುತ್ತಲಿನ ಸುಮಾರು 13,000 ಚದರ ಮೈಲಿ ಪ್ರದೇಶದಲ್ಲಿ ರೇಡಿಯೋ ಪ್ರಸಾರಕ್ಕೆ 1958ರಿಂದಲೂ ಬಿಗಿಯಾದ ಕಟ್ಟುಪಾಡುಗಳಿವೆ. ಅತಿಸಂವೇದನೆಯುಳ್ಳ ಕೆಲವರು ಅಲ್ಲಿಗೆ ಬಂದು ಮನೆ ಮಾಡಿದರು. ಆ ಕಟ್ಟುಪಾಡುಗಳನ್ನು ಮಾಡಿದ್ದು ಅವರಿಗಾಗಿ ಅಲ್ಲ. ಆಕಾಶದಿಂದ ಬರುವ ಕ್ಷೀಣವಾದ ಅಲೆಗಳನ್ನು ಆಲಿಸುವ ದೂರದರ್ಶಕಕ್ಕಾಗಿ.