ಹಿಂದಿನ ದೀಪದ ಹಿಂದಿನ ಕಥೆ

ಬ್ರೇಕ್ ಒತ್ತಿದರೆ ನಂಬರ್ ಪ್ಲೇಟಿನ ದೀಪ ಮಿಣುಕುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಅದರ ಜೊತೆ ತಾಳ ಹಾಕುತ್ತದೆ. ಹೆಡ್‌ಲೈಟ್ ಹಚ್ಚಿದ ಕೂಡಲೇ ಬ್ರೇಕ್ ಲೈಟ್ ಮಂಕಾಗುತ್ತದೆ. ಹಳೆಯ ಅಂಬಾಸಿಡರ್, ಫಿಯೆಟ್, ಜೀಪು ಇಟ್ಟುಕೊಂಡವರಿಗೆ ಈ ಕಾಟ ಹೊಸದಲ್ಲ. ರಾಯಚೂರಿನಿಂದ ಕೃಷ್ಣೆ ದಾಟಿ ಮಕ್ತಲ್, ನಾರಾಯಣಪೇಟೆಗೂ, ಹೊಳೆ ದಾಟದೆ ಗದ್ವಾಲಕ್ಕೂ ಹೋಗುವ ರಸ್ತೆಗಳಲ್ಲೂ ವಿದ್ಯುತ್ ದೀಪದ ಮೋಟಾರು ವಾಹನ ಬಂದಂದಿನಿಂದ ಹಿಂದಿನ ದೀಪದ ತಕರಾರು ಅದರ ಜೊತೆಗೇ ಬಂದಿದೆ.

ಮೊದಮೊದಲ ಕಾರುಗಳಲ್ಲಿ ಈ ತಕರಾರಿಗೆ ಜಾಗವೇ ಇರಲಿಲ್ಲ, ಏಕೆಂದರೆ ತಂತಿಯೇ ಇರಲಿಲ್ಲ. ಮುಂದೆ ಕಾರ್ಬೈಡಿಗೆ ನೀರು ಹನಿಸಿ ಹೊಮ್ಮುವ ಅಸಿಟಲೀನ್ ಅನಿಲದ ದೀಪ, ಹಿಂದೆ ಕೆಂಪು ಗಾಜಿನ ಸೀಮೆಎಣ್ಣೆ ದೀಪ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ವಿದ್ಯುತ್ ಸ್ಟಾರ್ಟರ್ ಮತ್ತು ವಿದ್ಯುತ್ ದೀಪಗಳನ್ನು ಒಟ್ಟಿಗೆ ಜೋಡಿಸಿದ ಕಾರನ್ನು ಮಾರಾಟಕ್ಕೆ ತಂದ ಮೇಲೆ ಬ್ಯಾಟರಿಯಿಂದ ಉರಿಯುವ ದೀಪ ನಿಧಾನವಾಗಿ ಎಲ್ಲೆಡೆ ಹಬ್ಬಿತು. ಹೈದರಾಬಾದ್ ನಿಜಾಮರ ಪ್ರಸಿದ್ಧ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಕೂಡ ಅದೇ 1912ರದು. ಆದರೆ ಅಂಥ ಕಾರುಗಳು ರಾಜಧಾನಿಯ ಮೆರವಣಿಗೆಗೆ ಮೀಸಲು. ಕೃಷ್ಣಾ ತೀರದ ಎರೆಮಣ್ಣಿನ ಬಂಡಿದಾರಿಗೆ ಅವು ಇಳಿಯುವ ಮಾತಿರಲಿಲ್ಲ.

ಈ ಭಾಗದ ಜನ ಮೋಟಾರನ್ನು ಹತ್ತಿರದಿಂದ ಕಂಡದ್ದು ಹೆಚ್ಚಾಗಿ ಬಸ್ಸಿನ ರೂಪದಲ್ಲಿ. ನಿಜಾಮರ ಸರಕಾರಿ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 1932ರ ಜೂನ್ 15ರಂದು 27 ಬಸ್ಸು, 166 ನೌಕರರೊಂದಿಗೆ ಶುರುವಾಯಿತು. ಮರುವರ್ಷವೇ ದೇವಸುಗೂರಿನ ಬಳಿ ಕೃಷ್ಣೆಗೆ ರಸ್ತೆ ಸೇತುವೆ ಕಟ್ಟುವ ಕೆಲಸ ಆರಂಭವಾಗಿ 1943ರಲ್ಲಿ ಮುಗಿಯಿತು. ಅಲ್ಲಿಯವರೆಗೆ ಹೊಳೆ ದಾಟಲು ರೈಲೋ ಹರಿಗೋಲೋ ಗತಿ. ಹರಿಗೋಲು ಇಂದಿಗೂ ಹೋಗಿಲ್ಲ. ದತ್ತಕ್ಷೇತ್ರ ಕುರುವಪುರ ನಡುಗಡ್ಡೆಗೆ ಮಕ್ತಲ್ ಕಡೆಯಿಂದ ಬರುವ ಭಕ್ತರು ಪಂಚದೇವ ಪಹಾಡದ ದಂಡೆಯಲ್ಲಿ ಗಾಡಿ ನಿಲ್ಲಿಸಿ ಅದನ್ನೇ ಹತ್ತುತ್ತಾರೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ, ರಾಯಚೂರು ಮೈಸೂರು ರಾಜ್ಯಕ್ಕೂ ಮಕ್ತಲ್, ನಾರಾಯಣಪೇಟೆ, ಗದ್ವಾಲ ಆಂಧ್ರಪ್ರದೇಶಕ್ಕೂ ಸೇರಿದವು. ಕನ್ನಡದ ಮನೆಗಳು ಎರಡೂ ದಂಡೆಯಲ್ಲಿ ಉಳಿದವು, ಗಾಡಿಗಳ ಓಡಾಟವೂ ನಿಲ್ಲಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳು ಡಿಸ್ಪೋಜಲ್ ಮಾಲಾಗಿ ದೇಶದ ಉದ್ದಗಲಕ್ಕೂ ಬಿಕರಿಯಾದವು. ಅವುಗಳದು 6 ವೋಲ್ಟಿನ ವ್ಯವಸ್ಥೆ. ಅವುಗಳ ಹಿಂದಿನ ದೀಪದಲ್ಲೊಂದು ಜಾಣತನವಿತ್ತು: ಶತ್ರು ವಿಮಾನಕ್ಕೆ ಕಾಣದಂತೆ ಮುಚ್ಚಿದ ಆ ದೀಪ ದೂರದಿಂದ ಒಂದೇ ಚುಕ್ಕೆಯಾಗಿ, ಸರಿಯಾದ ಅಂತರದಲ್ಲಿ ಎರಡಾಗಿ, ತೀರಾ ಹತ್ತಿರ ಬಂದರೆ ನಾಲ್ಕಾಗಿ ಕಾಣುತ್ತಿತ್ತು. ಹಿಂದೆ ಬರುವ ಚಾಲಕ ಚುಕ್ಕೆಗಳನ್ನು ನೋಡಿಯೇ ಅಂತರ ಕಾಯ್ದುಕೊಳ್ಳಬಹುದಿತ್ತು.

ಆಮೇಲೆ ಬಂದದ್ದು ದೇಶದಲ್ಲೇ ತಯಾರಾದ ಕಾರುಗಳ ಕಾಲ. ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಮೊದಲು ಲ್ಯಾಂಡ್‌ಮಾಸ್ಟರ್, ಬಳಿಕ ಅಂಬಾಸಿಡರ್ ತಯಾರಿಸಿತು. ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಇಟಲಿಯ ಫಿಯೆಟ್ 1100 ಕಟ್ಟಿತು. ಮದರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಹೊರಬಂತು. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳಿಗೆ ಹೆಸರಾಯಿತು. ಡೈನಮೋ, ಸ್ಟಾರ್ಟರಿನಂಥ ವಿದ್ಯುತ್ ಸಾಮಗ್ರಿಗೆ 1961ರಲ್ಲಿ ಮದರಾಸಿನ ಪಾಡಿಯಲ್ಲಿ ಲೂಕಾಸ್-ಟಿವಿಎಸ್ ಶುರುವಾಯಿತು. ಬರ್ಮಿಂಗ್‌ಹ್ಯಾಮಿನ ಮೂಲ ಲೂಕಾಸ್ ಕಂಪನಿಯನ್ನು ಇಂಗ್ಲಿಷರೇ ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುತ್ತಿದ್ದರು. ಆದರೆ ಅದು ಬಳಕೆಗೆ ತಂದ ತಂತಿಗಳ ಬಣ್ಣದ ಲೆಕ್ಕ ಮಾತ್ರ ಗಟ್ಟಿ ನಿಂತಿತು.

ಆ ಲೆಕ್ಕ ಹೀಗಿದೆ. ಬ್ಯಾಟರಿಯಿಂದ ನೇರ ಬರುವ ತಂತಿ ಕಂದು. ಇಗ್ನಿಷನ್ ಕೀ ತಿರುಗಿಸಿದಾಗ ಜೀವ ಬರುವುದು ಬಿಳಿ. ಅದು ಫ್ಯೂಸ್ ದಾಟಿದ ಮೇಲೆ ಹಸಿರು. ಹೆಡ್‌ಲೈಟಿಗೆ ನೀಲಿ. ಟೇಲ್ ಲೈಟು, ನಂಬರ್ ಪ್ಲೇಟು, ಮುಂದಿನ ಪಾರ್ಕಿಂಗ್ ದೀಪಗಳಿಗೆ ಕೆಂಪು. ಬ್ರೇಕ್ ಲೈಟಿಗೆ ಹಸಿರಿನ ಮೇಲೆ ನೇರಳೆ ಗೆರೆ. ಎಡ ಇಂಡಿಕೇಟರಿಗೆ ಹಸಿರು-ಕೆಂಪು, ಬಲಕ್ಕೆ ಹಸಿರು-ಬಿಳಿ. ಅರ್ಥಿಂಗಿಗೆ ಕಪ್ಪು. ಕನ್ನಡ, ತೆಲುಗು, ದಖನಿ ಮೂರೂ ಕಿವಿಗೆ ಬೀಳುವ ಊರುಗಳಲ್ಲಿ ಇಂಗ್ಲಿಷ್ ಕೈಪಿಡಿ ಓದಲು ಬಾರದ ಆಟೋ ಎಲೆಕ್ಟ್ರಿಷಿಯನ್ನಿಗೂ ಈ ಬಣ್ಣಗಳು ಬಾಯಿಪಾಠವಾಗಬಲ್ಲವು. ತೊಂದರೆ ಶುರುವಾಗುವುದು ಬಣ್ಣ ಅಳಿದಾಗ. ಹಳೆಯ ತಂತಿಗೆ ರಬ್ಬರಿನ ಕವಚ, ಅದರ ಮೇಲೆ ಹತ್ತಿ ನೂಲಿನ ಹೆಣಿಗೆ. 40 ಡಿಗ್ರಿ ಮೀರುವ ರಾಯಚೂರು ಸೀಮೆಯ ಬೇಸಿಗೆಯಲ್ಲಿ ರಬ್ಬರು ಸೆಟೆದು ಪುಡಿಯಾಗುತ್ತದೆ, ನೂಲಿನ ಬಣ್ಣ ಮಣ್ಣು ಬಣ್ಣಕ್ಕೆ ತಿರುಗುತ್ತದೆ. ಕೈಗೆ ಸಿಕ್ಕ ತಂತಿಯ ತುಂಡು ಸೇರಿಸಿ ಟೇಪು ಸುತ್ತಿದ ಹಳೆಯ ರಿಪೇರಿಗಳು ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತವೆ.

ಆದರೂ ಹೆಚ್ಚಿನ ಸಲ ದೋಷವಿರುವುದು ಕರೆಂಟು ತರುವ ಬಣ್ಣದ ತಂತಿಯಲ್ಲಲ್ಲ, ಅದು ಮರಳಿ ಹೋಗುವ ದಾರಿಯಲ್ಲಿ. ಕಾರಿನಲ್ಲಿ ಪ್ರತಿ ದೀಪಕ್ಕೂ ಎರಡೆರಡು ತಂತಿ ಎಳೆಯುವುದಿಲ್ಲ. ಬಾಡಿಯ ತಗಡೇ ಎರಡನೇ ತಂತಿ, ಅದೇ ಅರ್ಥಿಂಗ್. ಹಿಂದಿನ ಬಲ್ಬಿನಲ್ಲಿ ಎರಡು ಫಿಲಮೆಂಟು: 5 ವ್ಯಾಟಿನದು ಟೇಲಿಗೆ, 21 ವ್ಯಾಟಿನದು ಬ್ರೇಕಿಗೆ. ತಪ್ಪಾಗಿ ತಿರುಗಿಸಿ ಹಾಕಬಾರದೆಂದೇ ಅದರ ಎರಡು ಪಿನ್ನುಗಳು ಏರುಪೇರಾಗಿವೆ. ಎರಡೂ ಫಿಲಮೆಂಟಿನ ಕರೆಂಟು ಹೊರಹೋಗುವುದು ಬಲ್ಬಿನ ಲೋಹದ ಬುಡದಿಂದ ಹೋಲ್ಡರಿಗೆ, ಹೋಲ್ಡರಿನಿಂದ ಬಾಡಿಗೆ. 12 ವೋಲ್ಟಿನ ಕಾರಿನಲ್ಲಿ ಬ್ರೇಕಿನ ಫಿಲಮೆಂಟು ಎಳೆಯುವುದು ಸುಮಾರು 1.75 ಆಂಪಿಯರ್. ಮಳೆನೀರು, ಧೂಳು ಸೇರಿ ಹೋಲ್ಡರಿನ ಬುಡ ತುಕ್ಕು ಹಿಡಿದರೆ ಆ ಕರೆಂಟಿಗೆ ಬಾಗಿಲು ಮುಚ್ಚಿದಂತೆ. ಆಗ ಅದು ಅದೇ ಬಲ್ಬಿನ ಟೇಲ್ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ಹರಿದು, ಕೆಂಪು ತಂತಿ ಹಿಡಿದು, ನಂಬರ್ ಪ್ಲೇಟಿನ ದೀಪದ ಮೂಲಕವೋ ಮುಂದಿನ ಪಾರ್ಕಿಂಗ್ ದೀಪದ ಮೂಲಕವೋ ಬಾಡಿ ಸೇರುತ್ತದೆ. ಬ್ರೇಕ್ ಒತ್ತಿದರೆ ಬೇರೆ ದೀಪ ಮಿಣುಕುವುದು ಇದಕ್ಕೇ.

ಹಾಗಾಗಿ ಕೆಲಸ ಬಲ್ಲವರು ಮೊದಲು ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ಬಿಚ್ಚುವುದಿಲ್ಲ. ಹೋಲ್ಡರಿನ ಲೋಹದಿಂದ ಕೆರೆದು ಹೊಳಪು ತಂದ ತಗಡಿಗೆ ಒಂದು ತುಂಡು ತಂತಿ ಮುಟ್ಟಿಸುತ್ತಾರೆ. ದೀಪ ಸರಿಹೋದರೆ ಅರ್ಥಿಂಗೇ ಅಪರಾಧಿ. ಸರಿಹೋಗದಿದ್ದರೆ ಹೋಲ್ಡರಿಗೆ ಕರೆಂಟು ಬರುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡುತ್ತಾರೆ. ಎರಡೂ ಟೇಲ್ ಲೈಟು ಒಟ್ಟಿಗೆ ಸತ್ತಿದ್ದರೆ ಡಿಕ್ಕಿಯ ಬಳಿ ಕೆಂಪು ತಂತಿ ಕೂಡುವ ಜಾಯಿಂಟ್ ಹುಡುಕಬೇಕು. ಬ್ರೇಕ್ ಲೈಟು, ಇಂಡಿಕೇಟರ್, ಪೆಟ್ರೋಲ್ ಮೀಟರ್ ಒಟ್ಟಿಗೆ ಕೈಕೊಟ್ಟರೆ ಹಸಿರು ತಂತಿಯ ಫ್ಯೂಸ್. ಬ್ರೇಕ್ ಲೈಟು ಮಾತ್ರ ಹೋಗಿದ್ದರೆ ಸ್ವಿಚ್. ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಅದು ಪೆಡಲಿನ ಬಳಿ ಇರದೆ ಬ್ರೇಕ್ ಆಯಿಲಿನ ಪೈಪಿನಲ್ಲಿ ಕೂತು ಆಯಿಲಿನ ಒತ್ತಡದಿಂದ ಕೆಲಸ ಮಾಡುತ್ತದೆ. ಅದರ ಎರಡು ತಂತಿ ಬಿಡಿಸಿ ಒಂದಕ್ಕೊಂದು ಮುಟ್ಟಿಸಿದಾಗ ದೀಪ ಉರಿದರೆ ಸ್ವಿಚ್ ಬದಲಿಸಿದರಾಯಿತು.

ಇನ್ನೊಂದು ಮೋಸ ಬ್ಯಾಟರಿಯದು. ಸುಮಾರು 1930ರ ದಶಕದ ನಡುವಿನಿಂದ ಮೂರು ದಶಕ ಕಾಲ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುತ್ತಿದ್ದದ್ದು ಬ್ಯಾಟರಿಯ ಪಾಸಿಟಿವ್ ತುದಿ. ಫಿಯೆಟ್‌ನಲ್ಲಿ, ಜೀಪಿನಲ್ಲಿ ನೆಗೆಟಿವ್. ಸಾದಾ ಬಲ್ಬು ಎರಡಕ್ಕೂ ಒಂದೇ ರೀತಿ ಉರಿಯುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಟ್ರಾನ್ಸಿಸ್ಟರ್ ರೇಡಿಯೊ, ಆಲ್ಟರ್ನೇಟರ್ ಬಂದ ಮೇಲೆಯೇ ಅದರ ಬಿಸಿ ತಟ್ಟಿದ್ದು.

1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ತಗಡಿನ ಹೋಲ್ಡರಿನ ಕಾಲ ಹಿಂದೆ ಸರಿಯತೊಡಗಿತು. 1995ರಲ್ಲಿ ಜೂರಾಲ ಅಣೆಕಟ್ಟು ಉದ್ಘಾಟನೆಯಾಗಿ, ಅದರ ಮೇಲಿನ ರಸ್ತೆ ಆತ್ಮಕೂರು ಮತ್ತು ಗದ್ವಾಲವನ್ನು ಬೆಸೆಯುವ ಹೊತ್ತಿಗೆ ಪ್ಲಾಸ್ಟಿಕ್ ದೀಪಗಳ ಕಾರುಗಳು ಮಾಮೂಲಾಗಿದ್ದವು. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಧರ್ಮಸ್ಥಳದ ಕಾರು ಸಂಗ್ರಹದಂಥ ಕಡೆ ಹಳೆಯ ಗಾಡಿಗಳನ್ನು ಜೋಪಾನ ಮಾಡಿದ್ದಾರೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ತಂದಿತು. ರ‍್ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಕ್ಕಷ್ಟೇ ಅವು ರಸ್ತೆಗಿಳಿಯಬೇಕು. ಅಂಥ ಕಾರಿಗೆ ಎಲ್‌ಇಡಿ ಬಲ್ಬು ಹಾಕಿದರೆ ಹೊಸ ಪೇಚು. ಕಾದ ತಂತಿ ಹಿಗ್ಗಿ ಕುಗ್ಗುವುದರಿಂದ ಇಂಡಿಕೇಟರನ್ನು ಮಿಟುಕಿಸುವ ಹಳೆಯ ಫ್ಲ್ಯಾಶರಿಗೆ 21 ವ್ಯಾಟಿನ ಬಲ್ಬು ಎಳೆಯುವಷ್ಟು ಕರೆಂಟು ಬೇಕು. ಎಲ್‌ಇಡಿಯ ಅಲ್ಪ ಕರೆಂಟಿಗೆ ಅದು ಕಾಯುವುದೇ ಇಲ್ಲ. ನೆಗೆಟಿವ್ ಅರ್ಥಿಂಗಿಗೆಂದೇ ಮಾಡಿದ ಎಲ್‌ಇಡಿ ಪಾಸಿಟಿವ್ ಅರ್ಥಿಂಗಿನ ಕಾರಿನಲ್ಲಿ ಉರಿಯುವುದೂ ಇಲ್ಲ. ಅಂಥ ಕಾರಿಗೆ ಹಳೆಯ ಬಲ್ಬನ್ನೇ ಮರಳಿ ಹಾಕಿ, ಹೋಲ್ಡರಿನಿಂದ ಬಾಡಿಗೆ ಕಪ್ಪು ತಂತಿಯೊಂದನ್ನು ಬೇರೆಯಾಗಿ ಎಳೆಯುವುದೇ ಸುಲಭದ ರಿಪೇರಿ.