ಪ್ರತ್ಯಯ ಹತ್ತದ ಕರ್ಮ: ಕನ್ನಡದ ದ್ವಿತೀಯಾ ವಿಭಕ್ತಿಯ ಒಂದು ಮಗ್ಗುಲು

ಶಾಲಾ ವ್ಯಾಕರಣದಲ್ಲಿ ದ್ವಿತೀಯೆಯ ಪಾಠ ಒಂದೇ ಸಾಲಿನದು: ಪ್ರತ್ಯಯ ‘ಅನ್ನು’, ಕಾರಕಾರ್ಥ ಕರ್ಮ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೇಳುವ ಹಳಗನ್ನಡದ ಪ್ರತ್ಯಯ ‘ಅಂ’. ಆಡುಮಾತಿನಲ್ಲಿ ಇಂದು ಕೇಳಿಸುವುದು ‘ನ’, ‘ನ್ನ’. ಈ ಯಾವುದೂ ಹತ್ತದ ಕರ್ಮಪದ ಎದುರಾದಾಗ ಪ್ರತ್ಯಯ ಲೋಪವಾಗಿದೆ ಎಂದು ಹೇಳಿ ಮುಂದೆ ಸಾಗುವುದು ರೂಢಿ. ಲೋಪವೇ ಆಗಿದ್ದರೆ ಪ್ರತ್ಯಯವನ್ನು ಮರಳಿ ಸೇರಿಸಿದರೂ ಅರ್ಥ ಕದಲಬಾರದು.

ಆದರೆ ಕದಲುತ್ತದೆ. ‘ಪುಸ್ತಕ ಹುಡುಕುತ್ತಿದ್ದಾನೆ’ ಎಂದರೆ ಯಾವುದೋ ಒಂದು ಸಿಕ್ಕಿದರೂ ಸಾಕು; ‘ಪುಸ್ತಕವನ್ನು’ ಎಂದೊಡನೆ ಗೊತ್ತಾದ ಒಂದು ಪುಸ್ತಕ ಮನಸ್ಸಿಗೆ ಬರುತ್ತದೆ. ಪದಕ್ರಮವೂ ಬಿಗಿಯಾಗುತ್ತದೆ. ‘ಬೇಗ ಪುಸ್ತಕ ಓದಿದೆ’ ಸಹಜ; ‘ಪುಸ್ತಕ ಬೇಗ ಓದಿದೆ’ ಕಿವಿಗೆ ಒಗ್ಗದು, ಅಲ್ಲಿ ‘ಪುಸ್ತಕವನ್ನು’ ಬೇಕು. ಜೆಫ್ರಿ ಲಿಡ್ಜ್ 2006ರಲ್ಲಿ ಕನ್ನಡದ ದ್ವಿತೀಯೆಯನ್ನು ಕುರಿತು ಪ್ರಕಟಿಸಿದ ಲೇಖನದ ಚರ್ಚೆ ಇಂಥ ವಾಕ್ಯಗಳ ಸುತ್ತಲೇ ಇದೆ. ಪ್ರಾಣಿವಾಚಕಗಳಿಗೆ ಪ್ರತ್ಯಯ ಕಡ್ಡಾಯ, ಅಪ್ರಾಣಿವಾಚಕಗಳಿಗೆ ಐಚ್ಛಿಕ ಎಂಬುದು ಅಲ್ಲಿನ ಸ್ಥೂಲ ವಿಂಗಡಣೆ.

ಈ ವಿಂಗಡಣೆಯ ಮೊದಲ ಅರ್ಧಕ್ಕೆ ನನ್ನ ತಕರಾರಿದೆ. ‘ಅವಳನ್ನು ಕರೆ’, ‘ರಾಮನನ್ನು ನೋಡು’ ಎಂಬಲ್ಲಿ ಪ್ರತ್ಯಯ ಬಿಡುವಂತಿಲ್ಲ, ನಿಜ. ಆದರೆ ಕುರಿ ಕಾಯುತ್ತಾರೆ, ಕೋಳಿ ಸಾಕುತ್ತಾರೆ, ಮೀನು ಹಿಡಿಯುತ್ತಾರೆ. ಹೆಣ್ಣು ನೋಡಲು ಹೋಗುತ್ತಾರೆ. ಇವೆಲ್ಲ ಪ್ರಾಣಿವಾಚಕಗಳೇ, ಒಂದು ಮನುಷ್ಯವಾಚಕವೂ ಹೌದು. ‘ಹೆಣ್ಣು ನೋಡಿದರು’ ಎಂದರೆ ಮದುವೆಯ ಮಾತುಕತೆ ಶುರುವಾಗಿದೆ; ‘ಹೆಣ್ಣನ್ನು ನೋಡಿದರು’ ಎಂದರೆ ಒಬ್ಬಾಕೆ ಕಣ್ಣಿಗೆ ಬಿದ್ದಿರಲೂಬಹುದು. ಪ್ರತ್ಯಯವಿಲ್ಲದ ನಾಮಪದ ಇಲ್ಲಿ ವ್ಯಕ್ತಿಯನ್ನಾಗಲಿ ಪ್ರಾಣಿಯನ್ನಾಗಲಿ ಎತ್ತಿ ತೋರಿಸುವುದಿಲ್ಲ, ಕ್ರಿಯೆಯ ಬಗೆಯನ್ನು ಹೇಳುತ್ತದೆ. ಆದ್ದರಿಂದ ಜೀವವಿದೆಯೋ ಇಲ್ಲವೋ ಎಂಬುದಕ್ಕಿಂತ ಕಸುಬು, ವಾಡಿಕೆ ಎಂಬ ಅರ್ಥ ಕೂಡಿಬಂದಿದೆಯೇ ಎಂಬುದೇ ಮುಖ್ಯವಾಗಿ ಕಾಣುತ್ತದೆ.

ಹಾಗಾದರೆ ಇವು ಕ್ರಿಯಾಸಮಾಸಗಳೇ? ‘ಮೈದಡವು’, ‘ಕೈಮುಗಿ’ಗಳನ್ನು ಬಿಡಿಸುವಾಗ ನಮ್ಮ ವ್ಯಾಕರಣ ಪೂರ್ವಪದಕ್ಕೆ ದ್ವಿತೀಯೆಯನ್ನೇ ಹಚ್ಚುತ್ತದೆ, ಹೋಲಿಕೆ ಇರುವುದು ಅಷ್ಟರಲ್ಲೇ. ‘ಮೈದಡವು’ವಿನಲ್ಲಿ ತಕಾರ ದಕಾರವಾಗಿ ಎರಡು ಪದ ಒಂದಾಗಿವೆ, ‘ಕೋಳಿ ಸಾಕು’ವಿನಲ್ಲಿ ಅಂಥ ಬೆಸುಗೆ ಇಲ್ಲ. ‘ಎರಡು ಬಿಸಿ ದೋಸೆ ತಿಂದ’ ಎಂಬಲ್ಲಿ ಕರ್ಮ ತನ್ನ ವಿಶೇಷಣಗಳನ್ನೂ ಹೊತ್ತು ನಿಂತಿದೆ, ಸಮಾಸದ ಪೂರ್ವಪದಕ್ಕೆ ಆ ಸ್ವಾತಂತ್ರ್ಯವಿಲ್ಲ. ಲೋಪ, ಸಮಾಸ ಎರಡರಲ್ಲೂ ಹಿಡಿಯದ ಈ ರಚನೆಗೆ ಕಾರಕ ಪ್ರಕರಣದೊಳಗೇ ಬೇರೆ ಸೂತ್ರ ಬೇಕು.